ಬೇಸಾಯದ ಭೂಮಿಗೆ ಬೇಸಾಯದ ಬೆಲೆ: ಅಮೆರಿಕದ ರೈತರ ಒಂದು ಕರಾರು

ನಮ್ಮ ಕಡೆ ಜಾಗ ಮಾರುವ ಮಾತು ಬಂದರೆ ಇಂದು ಬ್ರೋಕರು ಮೊದಲು ಕೇಳುವುದು "ಗದ್ದೆಗೆ ಎಷ್ಟು ತಿಂಗಳು ನೀರು ಉಂಟು?" ಎಂದಲ್ಲ, "ಲಾರಿ ಬರುವ ರಸ್ತೆ ಉಂಟೋ?" ಎಂದು. ಎಕ್ರೆಯ ಲೆಕ್ಕ ಹಿಂದೆ ಸರಿದು ಸೆಂಟ್ಸಿನ ಲೆಕ್ಕ ಬಂದಿದೆ. ಎಕ್ರೆ ಲೆಕ್ಕದಲ್ಲಿ ಕೊಳ್ಳುವವನು ಬೇಸಾಯಗಾರ. ಸೆಂಟ್ಸಿನ ಲೆಕ್ಕದಲ್ಲಿ ಕೊಳ್ಳುವವನು ಮನೆ ಕಟ್ಟುವವನು. ಇಬ್ಬರೂ ಒಂದೇ ಗದ್ದೆಯ ಬದುವಿನಲ್ಲಿ ನಿಂತು ಬೆಲೆ ಕೂಗಿದರೆ ಗೆಲ್ಲುವವರು ಯಾರೆಂದು ಹೇಳಬೇಕಾಗಿಲ್ಲ. ಗದ್ದೆಯ ಉತ್ಪತ್ತಿಯಿಂದ ಗದ್ದೆಯ ಸಾಲ ತೀರಿಸುವ ಕಾಲ ಹೋಯಿತು. ಅಸಲು ಹಾಗಿರಲಿ, ಬಡ್ಡಿಗೂ ಅದು ಸಾಲದು.

ತಂದೆಯಿಂದ ಪಾಲಿಗೆ ಬಂದ ಭೂಮಿಯಿದ್ದವನು ಹೇಗೋ ಬೇಸಾಯ ಮಾಡಿಯಾನು. ಆದರೆ ಅಣ್ಣತಮ್ಮಂದಿರ ಪಾಲು ಬಿಡಿಸಿಕೊಳ್ಳಬೇಕೆಂದಿರುವ, ಅಥವಾ ಪಕ್ಕದ ಅರ್ಧ ಎಕ್ರೆ ಸೇರಿಸಿಕೊಳ್ಳಬೇಕೆಂದಿರುವ ತರುಣನಿಗೆ ಇಂದಿನ ಬೆಲೆಯಲ್ಲಿ ದಾರಿಯೇ ಇಲ್ಲ. ಇದು ನಮ್ಮೊಬ್ಬರ ಕಷ್ಟವೆಂದು ತಿಳಿಯಬೇಕಾಗಿಲ್ಲ. ನೂರಾರು ಎಕ್ರೆಯ ಹಿಡುವಳಿಗಳಿರುವ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯೂ ಇದೇ ಕಷ್ಟ ಐವತ್ತು ವರ್ಷಗಳ ಹಿಂದೆಯೇ ತಲೆದೋರಿತ್ತು. ಅಲ್ಲಿಯವರು ಅದಕ್ಕೆ ಒಂದು ಉಪಾಯ ಕಂಡುಕೊಂಡರು. ಕಾನೂನಿನ ಭಾಷೆಯಲ್ಲಿ ಅದಕ್ಕೆ 'ಕನ್ಸರ್ವೇಶನ್ ಈಸ್‌ಮೆಂಟ್' ಎಂದು ಹೆಸರು. ನಾವು ಅದನ್ನು ಇಲ್ಲಿ ಭೂರಕ್ಷಣೆಯ ಕರಾರು ಎಂದು ಕರೆಯೋಣ. ಅದು ಎಷ್ಟರ ಮಟ್ಟಿಗೆ ಫಲ ಕೊಟ್ಟಿತು, ಎಲ್ಲಿ ಸೋತಿತು ಎಂಬುದು ನಮಗೂ ತಿಳಿದಿರಬೇಕಾದ ವಿಷಯ.

ಹಕ್ಕುಗಳ ಕಂತೆ

ಈಸ್‌ಮೆಂಟ್ ಎಂಬ ಮಾತು ನಮಗೆ ಹೊಸತಲ್ಲ. ಪಕ್ಕದವನ ತೋಟದ ನಡುವೆ ಹಾದುಹೋಗುವ ಮಾಮೂಲು ದಾರಿ, ಮೇಲಿನ ಗದ್ದೆಯವನ ತೋಡಿನಿಂದ ಕೆಳಗಿನ ಗದ್ದೆಗೆ ಇಳಿಯುವ ನೀರು, ಇವುಗಳೇ ಈಸ್‌ಮೆಂಟ್ ಹಕ್ಕುಗಳು. ಭೂಮಿ ಒಬ್ಬನದು, ಅದರ ಮೇಲೆ ನಡೆಯುವ ಹಕ್ಕು ಇನ್ನೊಬ್ಬನದು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಕುಮ್ಕಿಯನ್ನು ನೆನೆದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ವರ್ಗ ಭೂಮಿಯ ಸುತ್ತಲಿನ ನೂರು ಗಜದ ಸರಕಾರಿ ಜಾಗದಲ್ಲಿ ಸೊಪ್ಪು ಕಡಿಯುವ, ದನ ಮೇಯಿಸುವ ಸವಲತ್ತು ವರ್ಗದಾರನಿಗಿತ್ತು; ಜಾಗದ ಒಡೆತನ ಮಾತ್ರ ಸರಕಾರದ್ದೇ. ಅಂದರೆ ಭೂಮಿಯ ಒಡೆತನವೆಂಬುದು ಒಂದೇ ಗಟ್ಟಿ ವಸ್ತುವಲ್ಲ. ಅದು ಅನೇಕ ಹಕ್ಕುಗಳನ್ನು ಸೇರಿಸಿ ಕಟ್ಟಿದ ಕಂತೆ. ಬೇಸಾಯ ಮಾಡುವ ಹಕ್ಕು, ಮಾರುವ ಹಕ್ಕು, ಮಕ್ಕಳಿಗೆ ಬಿಡುವ ಹಕ್ಕು, ಮನೆ ಕಟ್ಟುವ ಹಕ್ಕು, ತುಂಡು ಮಾಡುವ ಹಕ್ಕು, ಇವೆಲ್ಲ ಆ ಕಂತೆಯೊಳಗಿನ ಒಂದೊಂದು ಕಡ್ಡಿ.

ಭೂರಕ್ಷಣೆಯ ಕರಾರಿನಲ್ಲಿ ರೈತನು ಈ ಕಂತೆಯಿಂದ ಎರಡೇ ಕಡ್ಡಿಗಳನ್ನು ಹಿರಿದು ಕೊಡುತ್ತಾನೆ: ಬಡಾವಣೆ ಮಾಡುವ ಹಕ್ಕು ಮತ್ತು ಸೈಟುಗಳಾಗಿ ತುಂಡರಿಸುವ ಹಕ್ಕು. ಅದನ್ನು ಪಡೆಯುವುದು ಸರಕಾರವಾಗಬಹುದು, ಅಥವಾ 'ಲ್ಯಾಂಡ್ ಟ್ರಸ್ಟ್' ಎಂಬ ಹೆಸರಿನ ಲಾಭವಿಲ್ಲದ ಸಂಸ್ಥೆಯಾಗಬಹುದು. ಪಡೆದವರು ಆ ಹಕ್ಕನ್ನು ತಾವೂ ಚಲಾಯಿಸುವಂತಿಲ್ಲ. ಬೇರೆ ಯಾರೂ ಚಲಾಯಿಸದಂತೆ ಕಾವಲು ಕಾಯಬೇಕು, ಅಷ್ಟೆ. ಉಳಿದ ಹಕ್ಕುಗಳೆಲ್ಲ ರೈತನಲ್ಲಿಯೇ ಇರುತ್ತವೆ. ಅವನು ಉಳಬಹುದು, ಮಾರಬಹುದು, ಗೇಣಿಗೆ ಕೊಡಬಹುದು, ಮಕ್ಕಳಿಗೆ ಬಿಡಬಹುದು. ಕರಾರು ಮಾತ್ರ ನೋಂದಣಿಯಾಗಿ ಭೂಮಿಯ ಸಂಗಡವೇ ಹೋಗುತ್ತದೆ. ಯಾರು ಕೊಂಡರೂ, ಎಷ್ಟು ತಲೆಮಾರು ಕಳೆದರೂ ಅದು ಆ ನೆಲವನ್ನು ಬಿಡುವುದಿಲ್ಲ.

ಹಣದ ಲೆಕ್ಕ ಹೀಗೆ. ಒಂದು ಉದಾಹರಣೆ ಹಿಡಿಯೋಣ. ಮನೆ ಕಟ್ಟುವವನು ಎಕ್ರೆಗೆ 10,000 ಡಾಲರ್ ಕೊಡಲು ಸಿದ್ಧನಿದ್ದಾನೆ. ಬೆಳೆ ತೆಗೆದು ಬದುಕುವವನಿಗೆ ಅದೇ ಎಕ್ರೆ 4,000 ಡಾಲರಿಗಿಂತ ಹೆಚ್ಚಿಗೆ ಗಿಟ್ಟುವುದಿಲ್ಲ ಎಂದಿಟ್ಟುಕೊಳ್ಳಿ. ನಡುವಿನ 6,000 ಡಾಲರೇ ಕಟ್ಟುವ ಹಕ್ಕಿನ ಬೆಲೆ. ರೈತನಿಗೆ ಆ ಮೊತ್ತವನ್ನು ನಗದಾಗಿ ಕೊಡುತ್ತಾರೆ. ಅಥವಾ ಅವನು ಹಕ್ಕನ್ನು ದಾನವಾಗಿ ಕೊಟ್ಟರೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ. ಮುಂದೆ ಆ ಭೂಮಿ ಮಾರಾಟಕ್ಕೆ ಬಂದಾಗ ಬೇಸಾಯದ ಬೆಲೆಯ ಹತ್ತಿರಕ್ಕೆ ಇಳಿದಿರುತ್ತದೆ. ಹಾಗೆ ಇಳಿದರೆ ತಾನೇ ಹೊಸ ರೈತನ ಕೈಗೆ ಎಟಕುವುದು!

ಲಾಂಗ್ ಐಲೆಂಡಿನ ಬಟಾಟೆ ಗದ್ದೆ

ನ್ಯೂಯಾರ್ಕ್ ನಗರದಿಂದ ಪೂರ್ವಕ್ಕೆ ಸಮುದ್ರದೊಳಗೆ ಚಾಚಿಕೊಂಡಿರುವ ಲಾಂಗ್ ಐಲೆಂಡ್ ಒಂದು ಕಾಲಕ್ಕೆ ಬಟಾಟೆಗೆ ಹೆಸರಾದ ನಾಡು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಊರಿಗೆ ಮರಳಿದ ಸೈನಿಕರಿಗೆ ಮನೆಗಳು ಬೇಕಾದವು. 1947ರಲ್ಲಿ ಅಲ್ಲಿನ ನಾಸೋ ಕೌಂಟಿಯ ಬಟಾಟೆ ಗದ್ದೆಗಳ ಮೇಲೆ ಲೆವಿಟೌನ್ ಎಂಬ ಬಡಾವಣೆ ಏಳತೊಡಗಿತು. 1951ರೊಳಗೆ 17,000ಕ್ಕೂ ಮಿಕ್ಕಿ ಮನೆಗಳು ನಿಂತವು. ಮನೆಗಳ ಸಾಲು ಪೂರ್ವದ ಸಫೊಕ್ ಕೌಂಟಿಯ ಕಡೆಗೆ ಹಬ್ಬುತ್ತಿರುವುದನ್ನು ಕಂಡ ಅಲ್ಲಿನ ಆಡಳಿತ, ಜಾನ್ ಕ್ಲೈನ್ ಎಂಬವರು ಕೌಂಟಿಯ ಮುಖ್ಯಾಧಿಕಾರಿಯಾಗಿದ್ದಾಗ, 1974ರಲ್ಲಿ ಒಂದು ಕಾನೂನು ಮಾಡಿತು. ರೈತನಿಂದ ಭೂಮಿಯನ್ನಲ್ಲ, ಕಟ್ಟುವ ಹಕ್ಕನ್ನು ಮಾತ್ರ ಸಾರ್ವಜನಿಕ ಹಣದಿಂದ ಕೊಳ್ಳುವುದು. 1977ರಲ್ಲಿ ಮೊದಲ ಖರೀದಿ ನಡೆಯಿತು. ಇಡೀ ದೇಶಕ್ಕೇ ಇದು ಮೊದಲನೆಯದು.

ರೈತರು ಒಪ್ಪಲು ಇನ್ನೊಂದು ಕಾರಣವೂ ಇತ್ತು. ಅಮೆರಿಕದಲ್ಲಿ ಸತ್ತವನ ಆಸ್ತಿಯ ಮೇಲೆ ತೆರಿಗೆ ಉಂಟು. 1976ರ ತನಕ 60,000 ಡಾಲರಿಗೆ ಮೇಲ್ಪಟ್ಟ ಆಸ್ತಿಗೆಲ್ಲ ಅದು ತಗಲುತ್ತಿತ್ತು. ಬೆಲೆ ಕಟ್ಟುವಾಗ ಸೈಟಿನ ದರವೇ ಆಧಾರ. ತಂದೆ ತೀರಿಕೊಂಡರೆ ತೆರಿಗೆ ಕಟ್ಟುವುದಕ್ಕಾಗಿಯೇ ಗದ್ದೆ ಮಾರಬೇಕಾದ ಸ್ಥಿತಿ! ಕಟ್ಟುವ ಹಕ್ಕು ಹೋದ ಭೂಮಿಗೆ ಬೆಲೆ ಕಡಿಮೆ, ಆದ್ದರಿಂದ ತೆರಿಗೆಯೂ ಕಡಿಮೆ. ಇಂದು ಆ ತೆರಿಗೆಯ ಮಿತಿ ಬಹಳ ಮೇಲೇರಿರುವುದರಿಂದ ಸಾಮಾನ್ಯ ರೈತರಿಗೆ ಅದರ ಭಯವಿಲ್ಲ. ಆ ದಿನಗಳಲ್ಲಿ ಅದು ನಿಜವಾದ ಭಯವಾಗಿತ್ತು.

ಸಫೊಕ್ ತೋರಿದ ದಾರಿಯಲ್ಲಿ ಮ್ಯಾಸಚುಸೆಟ್ಸ್, ಮೇರಿಲ್ಯಾಂಡ್ ಮೊದಲಾದ ರಾಜ್ಯಗಳು ನಡೆದವು. ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಇಂಥ ಕರಾರಿಗೆ ಗಟ್ಟಿ ನೆಲೆ ಇಲ್ಲದ್ದರಿಂದ 1981ರಲ್ಲಿ ಒಂದು ಮಾದರಿ ಕಾನೂನನ್ನು ರಚಿಸಿ, ರಾಜ್ಯಗಳು ಅದನ್ನು ಅಂಗೀಕರಿಸುವಂತೆ ಮಾಡಿದರು. 1996ರ ಕೃಷಿ ಮಸೂದೆಯಿಂದ ಕೇಂದ್ರ ಸರಕಾರವೂ ಕೈಜೋಡಿಸಿತು. ಈಗ ಸಾಮಾನ್ಯವಾಗಿ ಕರಾರಿನ ಬೆಲೆಯ ಅರ್ಧದ ವರೆಗೆ ಕೇಂದ್ರ ಕೊಡುತ್ತದೆ. ಉಳಿದುದನ್ನು ರಾಜ್ಯ, ಕೌಂಟಿ, ಟ್ರಸ್ಟುಗಳು ಹೊಂದಿಸಬೇಕು.

ಇಬ್ಬರು ಮಹಿಳೆಯರ ಸಾಹಸ

ದೇಶದ ಇನ್ನೊಂದು ಕೊನೆಯಲ್ಲಿ, ಸಾನ್‌ಫ್ರಾನ್ಸಿಸ್ಕೋ ನಗರದ ಸೇತುವೆ ದಾಟಿದರೆ ಮರಿನ್ ಕೌಂಟಿ. ಪಡುಗಡಲಿನ ಮಂಜು, ಹುಲ್ಲುಗುಡ್ಡ, ಹಾಲು ಕರೆಯುವ ದನಗಳು, ಇದೇ ಅದರ ಪಶ್ಚಿಮ ಭಾಗದ ಬದುಕು. 1960ರ ದಶಕದಲ್ಲಿ ಆ ಗುಡ್ಡಗಳಿಗೆ ಹೆದ್ದಾರಿಯನ್ನೂ ಪೇಟೆಯನ್ನೂ ತರುವ ಯೋಜನೆಗಳು ಎದ್ದವು. 1970ರ ದಶಕದಲ್ಲಿ ಕೌಂಟಿಯು ಬೇಸಾಯದ ಪ್ರದೇಶದಲ್ಲಿ 60 ಎಕ್ರೆಗೆ ಒಂದೇ ಮನೆ ಎಂಬ ನಿಯಮ ತಂದಿತು. ಆದರೆ ನಿಯಮ ಇಂದು ಬಂದದ್ದು ನಾಳೆ ಹೋಗಬಹುದು. ಇದನ್ನು ಮನಗಂಡ ಇಬ್ಬರು ಮಹಿಳೆಯರು, ಜೀವಶಾಸ್ತ್ರಜ್ಞೆ ಫಿಲಿಸ್ ಫೇಬರ್ ಮತ್ತು ಹೈನುಗಾರ್ತಿ ಎಲೆನ್ ಸ್ಟ್ರಾಸ್, 1980ರಲ್ಲಿ 'ಮರಿನ್ ಅಗ್ರಿಕಲ್ಚರಲ್ ಲ್ಯಾಂಡ್ ಟ್ರಸ್ಟ್' ಸ್ಥಾಪಿಸಿದರು. ಬೇಸಾಯದ ಭೂಮಿಗೆಂದೇ ಹುಟ್ಟಿದ ಮೊದಲ ಟ್ರಸ್ಟ್ ಅದು.

ಪರಿಸರದವರು ಮತ್ತು ರೈತರು ಪರಸ್ಪರ ಅಪನಂಬಿಕೆಯಿಂದ ನೋಡುತ್ತಿದ್ದ ಕಾಲದಲ್ಲಿ ಒಂದೊಂದು ಕಡೆಯ ಒಬ್ಬೊಬ್ಬರು ಸೇರಿದ್ದೇ ಇದರ ವಿಶೇಷ. ಇಂದಿನ ತನಕ 50,000 ಎಕ್ರೆಗೂ ಮಿಕ್ಕಿದ ಭೂಮಿ ಆ ಟ್ರಸ್ಟಿನ ಕರಾರಿಗೆ ಒಳಪಟ್ಟಿದೆ. ಕರಾರಿನ ಹಣದಿಂದ ಕೆಲವರು ಹಳೆಯ ಸಾಲ ತೀರಿಸಿದರು, ಕೆಲವರು ಕೊಟ್ಟಿಗೆ ಸರಿಪಡಿಸಿದರು. ಮತ್ತೆ ಕೆಲವರು ಅಕ್ಕತಂಗಿ, ಅಣ್ಣತಮ್ಮಂದಿರ ಪಾಲನ್ನು ಕೊಟ್ಟು ಹಿಡುವಳಿಯನ್ನು ಒಡೆಯದೆ ಉಳಿಸಿಕೊಂಡರು. ಈ ಕೊನೆಯ ಉಪಯೋಗ ನಮ್ಮ ಓದುಗರಿಗೆ ಚೆನ್ನಾಗಿ ಅರ್ಥವಾಗುವಂಥದು. ಮನೆಯಲ್ಲಿ ನಾಲ್ವರು ಮಕ್ಕಳು, ಬೇಸಾಯಕ್ಕೆ ನಿಲ್ಲುವವನು ಒಬ್ಬ. ಉಳಿದ ಮೂವರ ಪಾಲಿಗೆ ಹಣ ಎಲ್ಲಿಂದ ತರುವುದು? ಭೂಮಿಯನ್ನು ಮಾರದೆ ಭೂಮಿಯಿಂದಲೇ ಆ ಹಣ ಹುಟ್ಟಿಸುವ ದಾರಿ ಇದು.

ಭೂಮಿ ಉಳಿಯಿತು, ರೈತ ಉಳಿದನೇ?

ಇಷ್ಟಕ್ಕೇ ಕಥೆ ಮುಗಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೆ ಕೆಲವು ವರ್ಷಗಳಲ್ಲಿ ಅನಿರೀಕ್ಷಿತವಾದ ಒಂದು ತೊಡಕು ಕಾಣಿಸಿಕೊಂಡಿತು. ಬಡಾವಣೆ ಮಾಡುವವನು ಬರಲಿಲ್ಲ ನಿಜ. ಅವನ ಬದಲು ಶ್ರೀಮಂತ ಬಂದ. ಸುತ್ತಲೂ ಎಂದೆಂದಿಗೂ ಮನೆಗಳೇಳದ ಹಸುರು, ನಡುವೆ ಹಳೆಯ ಕಾಲದ ಒಂದು ಚಂದದ ಮನೆ, ನಗರದವರಿಗೆ ಇದಕ್ಕಿಂತ ಹೆಚ್ಚೇನು ಬೇಕು? ಯಾವ ಕರಾರು ಬೆಲೆಯನ್ನು ಇಳಿಸಬೇಕಿತ್ತೋ ಅದೇ ಕರಾರು ಅಂಥವರ ಕಣ್ಣಿಗೆ ಆಕರ್ಷಣೆಯಾಯಿತು. ಲಾಂಗ್ ಐಲೆಂಡಿನ ಪೂರ್ವ ತುದಿಯ ಹ್ಯಾಂಪ್ಟನ್ಸ್ ಎಂಬ ಸಿರಿವಂತರ ಊರುಗಳಲ್ಲಿ ಬಟಾಟೆ ಬೆಳೆಯುತ್ತಿದ್ದ ರಕ್ಷಿತ ಭೂಮಿ ಕುದುರೆ ಲಾಯವೂ ಹುಲ್ಲುಹಾಸೂ ಆಗತೊಡಗಿತು. ಅಲ್ಲಿ ಕರಾರು ಮುರಿದವರಿಲ್ಲ. ಕಟ್ಟಬಾರದು ಎಂದು ಬರೆದಿತ್ತು, ಕಟ್ಟಲಿಲ್ಲ. ಬೆಳೆಯಬೇಕು ಎಂದು ಬರೆದಿರಲಿಲ್ಲ, ಬೆಳೆಯಲಿಲ್ಲ.

ಭೂಮಿಯನ್ನು ಮನೆಗಳಿಂದ ಕಾಪಾಡುವುದು ಬೇರೆ, ಅದನ್ನು ರೈತನ ಕೈಗೆ ಎಟಕುವಂತೆ ಇಡುವುದು ಬೇರೆ. ಐವತ್ತು ವರ್ಷಗಳ ಈ ಪ್ರಯೋಗದಿಂದ ನಾವು ಕಲಿಯಬೇಕಾದ ಮುಖ್ಯ ಪಾಠವೆಂದರೆ ಇದೇ.

ಈ ತೊಡಕಿಗೆ ಎರಡು ಪರಿಹಾರಗಳು ಬಂದವು. ಮೊದಲನೆಯದು, ಮ್ಯಾಸಚುಸೆಟ್ಸಿನಲ್ಲಿ 1990ರ ದಶಕದಲ್ಲಿಯೂ ಬಳಿಕ ವರ್ಮಾಂಟಿನಲ್ಲಿಯೂ ಕರಾರಿಗೆ ಸೇರಿಸಿದ ಒಂದು ಷರತ್ತು. ಭೂಮಿಯನ್ನು ಮನೆಯವರಿಗಾಗಲಿ ನಿಜವಾದ ಬೇಸಾಯಗಾರನಿಗಾಗಲಿ ಮಾರಿದರೆ ಅಡ್ಡಿಯಿಲ್ಲ. ಬೇರೆಯವರಿಗೆ ಮಾರಲು ಹೊರಟರೆ ಕರಾರು ಹಿಡಿದ ಸಂಸ್ಥೆಗೆ ಆ ಭೂಮಿಯನ್ನು ಬೇಸಾಯದ ಬೆಲೆಗೇ ತಾನು ಕೊಳ್ಳುವ, ಅಥವಾ ಒಬ್ಬ ರೈತನಿಗೆ ಕೊಡಿಸುವ ಹಕ್ಕು ಉಂಟು. ಹೊರಗಿನ ಶ್ರೀಮಂತ ಎಷ್ಟೇ ಬೆಲೆ ಕೂಗಲಿ, ಅವನ ಕೂಗು ಅಲ್ಲಿ ನಡೆಯುವುದಿಲ್ಲ. ಎರಡನೆಯದು, ಮರಿನ್ ಟ್ರಸ್ಟ್ ಮುಂದಿನ ಕರಾರುಗಳಲ್ಲಿ ಸೇರಿಸಿದ ಷರತ್ತು: ಭೂಮಿಯಲ್ಲಿ ಬೇಸಾಯ ನಡೆಯುತ್ತಲೇ ಇರಬೇಕು, ಬರಿದೆ ಬಿಡುವಂತಿಲ್ಲ. ಇಂಥ ಹೆಚ್ಚಿನ ಷರತ್ತಿಗೆ ರೈತನಿಗೆ ಹೆಚ್ಚಿನ ಬೆಲೆಯನ್ನೂ ಕೊಡಬೇಕಾಗುತ್ತದೆ. ಅದು ನ್ಯಾಯವೂ ಹೌದು.

ವರ್ಮಾಂಟ್ ರಾಜ್ಯದ ಇನ್ನೊಂದು ನಡೆಯನ್ನೂ ಇಲ್ಲಿ ಹೇಳಬೇಕು. ಬಡವರಿಗೆ ಮನೆ ಬೇಕೆನ್ನುವವರಿಗೂ ಗದ್ದೆ ಉಳಿಯಬೇಕೆನ್ನುವವರಿಗೂ ಎಲ್ಲೆಡೆ ಜಗಳವಾಗುವುದು ಸಹಜ. ವರ್ಮಾಂಟಿನವರು 1987ರಲ್ಲಿ ಎರಡಕ್ಕೂ ಒಂದೇ ನಿಧಿ, ಒಂದೇ ಮಂಡಳಿ ಮಾಡಿದರು. ಮನೆ ಊರಿನ ನಡುವೆ ಏಳಲಿ, ಗದ್ದೆ ಗದ್ದೆಯಾಗಿ ಇರಲಿ. ಎರಡಕ್ಕೂ ಹಣ ಇದರಿಂದಲೇ ಎಂದಾಗ ಜಗಳಕ್ಕೆ ಕಾರಣವೇ ಕಡಿಮೆಯಾಯಿತು.

ಭೂಮಿಯೂ ಭಾಷೆಯೂ

ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಕೌಂಟಿಯ ವಿಚಾರ ಭಾಷಾ ಅಲ್ಪಸಂಖ್ಯಾತರಾದ ನಮಗೆ ವಿಶೇಷವಾಗಿ ಪ್ರಸ್ತುತ. ಯುರೋಪಿನಿಂದ 18ನೇ ಶತಮಾನದಲ್ಲಿ ಬಂದು ನೆಲೆಸಿದ ಆಮಿಶ್ ಎಂಬ ಧರ್ಮನಿಷ್ಠ ಜನ ಅಲ್ಲಿ ಇಂದಿಗೂ ಕುದುರೆ ಕಟ್ಟಿ ಉಳುತ್ತಾರೆ. ಸುತ್ತಲೂ ಇಂಗ್ಲಿಷ್; ಮನೆಯೊಳಗೆ ಮಾತ್ರ ಅವರದೇ ಜರ್ಮನ್ ಮಾತು. ಅದನ್ನು ಉಳಿಸಿಕೊಡಲು ಸರಕಾರದ ಆಜ್ಞೆ ಯಾವುದೂ ಇರಲಿಲ್ಲ. ಒಂದರ ಪಕ್ಕ ಒಂದು ಹಿಡುವಳಿ, ನಡುವೆ ಒಂದು ಕೋಣೆಯ ಶಾಲೆ, ನಡೆದು ಹೋಗುವಷ್ಟು ದೂರದಲ್ಲಿ ನೆಂಟರು. ಮಾತು ಉಳಿದದ್ದರಲ್ಲಿ ಈ ಒತ್ತಾದ ನೆಲೆಗೂ ಒಂದು ಪಾಲುಂಟು.

ಭೂಮಿಯ ಬೆಲೆ ಏರಿದಾಗ ಅವರಲ್ಲಿ ಅನೇಕರು ಮರಗೆಲಸ, ಅಂಗಡಿಗಳಿಗೆ ಇಳಿಯಬೇಕಾಯಿತು. ಅನೇಕ ಕುಟುಂಬಗಳು ಅಗ್ಗದ ಭೂಮಿ ಹುಡುಕಿಕೊಂಡು ದೂರದ ರಾಜ್ಯಗಳಿಗೆ ಹೋದವು. ಸರಕಾರದ ಹಣ ಮುಟ್ಟಲು ಹಿಂಜರಿಯುವ ಈ ಜನರ ನಡುವೆ 1988ರಲ್ಲಿ ಹುಟ್ಟಿದ 'ಲ್ಯಾಂಕಾಸ್ಟರ್ ಫಾರ್ಮ್‌ಲ್ಯಾಂಡ್ ಟ್ರಸ್ಟ್' ಎಂಬ ಖಾಸಗಿ ಸಂಸ್ಥೆ ಕೆಲಸ ಮಾಡಿತು. ಕೌಂಟಿಯ ಸರಕಾರಿ ಯೋಜನೆಯನ್ನೂ ಸೇರಿಸಿದರೆ ಇಂದು ಅಲ್ಲಿ ಒಂದು ಲಕ್ಷ ಎಕ್ರೆಗೂ ಮಿಕ್ಕಿದ ಕೃಷಿಭೂಮಿ ರಕ್ಷಣೆಯಲ್ಲಿದೆ. ಭಾಷೆ ಉಳಿಯಬೇಕಾದರೆ ಶಾಲೆ ಬೇಕು; ಶಾಲೆಗೆ ಮಕ್ಕಳು ಬೇಕು; ಮಕ್ಕಳು ಇರಬೇಕಾದರೆ ಮನೆಯವರು ಊರಿನಲ್ಲಿ ಬದುಕುವಂತಿರಬೇಕು. ಕನ್ನಡ ಶಾಲೆಯ ಹಾಜರಿ ಪುಸ್ತಕ ಹಿಡಿಯುವ ನಮಗೆ ಈ ಸರಪಳಿಯ ಕೊನೆಯ ಕೊಂಡಿ ದಿನವೂ ಕಾಣುತ್ತದೆ. ಮೊದಲ ಕೊಂಡಿ ಭೂಮಿ ಎಂಬುದನ್ನು ಮಾತ್ರ ನಾವು ಸಭೆಗಳಲ್ಲಿ ಎತ್ತುವುದು ಕಡಿಮೆ.

ದೋಷಗಳೂ ಉಂಟು

ಹೊಗಳಿಕೆಯ ನಡುವೆ ದೋಷಗಳನ್ನು ಮುಚ್ಚಿಡಬಾರದು. ಮೊದಲನೆಯದಾಗಿ, ಇದು ರೈತನ ಇಚ್ಛೆಗೆ ಬಿಟ್ಟದ್ದು. ಒಬ್ಬ ಒಪ್ಪಿ ಪಕ್ಕದವನು ಒಪ್ಪದಿದ್ದರೆ ಹಸುರಿನ ತುಂಡುಗಳ ನಡುವೆ ಬಡಾವಣೆ ಏಳುತ್ತದೆ. ಎರಡನೆಯದಾಗಿ, ಹಣ ಬಹಳ ಬೇಕು. 2001ರಿಂದ 2016ರ ವರೆಗಿನ ಹದಿನೈದು ವರ್ಷಗಳಲ್ಲಿ ಅಮೆರಿಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಎಕ್ರೆ ಕೃಷಿಭೂಮಿ ಬೇರೆ ಉಪಯೋಗಕ್ಕೆ ಹೋಯಿತು ಅಥವಾ ಮನೆಗಳ ನಡುವೆ ಸಿಕ್ಕಿ ಛಿದ್ರವಾಯಿತು ಎಂದು 'ಅಮೆರಿಕನ್ ಫಾರ್ಮ್‌ಲ್ಯಾಂಡ್ ಟ್ರಸ್ಟ್' ಲೆಕ್ಕ ಹಾಕಿದೆ. ಮೂರನೆಯದಾಗಿ, ತೆರಿಗೆ ವಿನಾಯಿತಿ ಇರುವಲ್ಲಿ ಮೋಸವೂ ಇದೆ. ಕಡಿಮೆ ಬೆಲೆಗೆ ಭೂಮಿ ಕೊಂಡು, ಕಟ್ಟುವ ಹಕ್ಕಿಗೆ ಇಲ್ಲದ ಬೆಲೆ ತೋರಿಸಿ, ತೆರಿಗೆ ತಪ್ಪಿಸುವ ಕೂಟಗಳು ಹುಟ್ಟಿಕೊಂಡವು. 2022ರಲ್ಲಿ ಕಾಂಗ್ರೆಸ್ ಕಾನೂನು ಮಾಡಿ ಅದಕ್ಕೆ ಕಡಿವಾಣ ಹಾಕಬೇಕಾಯಿತು. ಕೊನೆಯದಾಗಿ, ಬೇಸಾಯದಿಂದ ಬದುಕು ಸಾಗದಿದ್ದರೆ ಭೂಮಿ ಅಗ್ಗವಾಗಿ ಸಿಕ್ಕಿಯೂ ಪ್ರಯೋಜನವಿಲ್ಲ. 2022ರ ಕೃಷಿ ಗಣತಿಯ ಪ್ರಕಾರ ಅಲ್ಲಿನ ಬೇಸಾಯಗಾರರ ಸರಾಸರಿ ಪ್ರಾಯ 58 ವರ್ಷ. ಕರಾರೊಂದೇ ತರುಣರನ್ನು ಗದ್ದೆಗೆ ಇಳಿಸಲಾರದು.

ನಮ್ಮ ನೆಲದಲ್ಲಿ

ನಮ್ಮಲ್ಲಿಯೂ ಒಂದು ಕಾಲಕ್ಕೆ ಭೂಮಿ ಉಳುವವನ ಕೈಗೆ ಬಂತು. ಕೇರಳದ ಭೂಸುಧಾರಣೆ 1970ರ ಜನವರಿ 1ರಿಂದ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಮೂಲಗೇಣಿ, ಚಾಲಗೇಣಿಯ ಒಕ್ಕಲುಗಳು ಒಡೆಯರಾದರು. ಆದರೆ ಕಾನೂನು ಭೂಮಿ ಕೊಟ್ಟದ್ದು ಒಂದು ಸಲ. ಆಗ ಭೂಮಿ ಪಡೆದವರ ಮೊಮ್ಮಕ್ಕಳು ಇಂದು ಪಕ್ಕದ ಗದ್ದೆ ಕೊಳ್ಳಲಾರರು. ಜಮೀನುದಾರ ಹೋದ ಜಾಗದಲ್ಲಿ ಮಾರುಕಟ್ಟೆಯ ಬೆಲೆ ಬಂದು ಕುಳಿತಿದೆ.

1970ರ ದಶಕದ ಮಧ್ಯದಲ್ಲಿ ಕೇರಳದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಭತ್ತದ ಬೇಸಾಯ ಇತ್ತು. ಈಗ ಅದು 2 ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ. ಇದನ್ನು ತಡೆಯಲೆಂದು 2008ರಲ್ಲಿ ಭತ್ತದ ಗದ್ದೆ ಮತ್ತು ಜೌಗು ಪ್ರದೇಶಗಳ ಸಂರಕ್ಷಣಾ ಕಾಯಿದೆ ಬಂತು. ಗದ್ದೆಗೆ ಮಣ್ಣು ತುಂಬುವುದು ಅಪರಾಧವಾಯಿತು. ಉದ್ದೇಶ ಒಳ್ಳೆಯದೇ. ಆದರೆ ಅಮೆರಿಕದ ಪದ್ಧತಿಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಅಲ್ಲಿ ಕಟ್ಟುವ ಹಕ್ಕನ್ನು ಹಣ ಕೊಟ್ಟು ಕೊಳ್ಳುತ್ತಾರೆ. ಇಲ್ಲಿ ಕಾನೂನಿನಿಂದ ನಿಷೇಧಿಸುತ್ತಾರೆ. ನೆರೆ ಇಂಗಿಸಿ ಬಾವಿಗೆ ನೀರು ಕೊಡುವುದು ಗದ್ದೆ, ಅದರ ಲಾಭ ಊರಿಗೆಲ್ಲ; ಮಾರಲಾಗದ ನಷ್ಟ ಗದ್ದೆಯವನೊಬ್ಬನಿಗೆ. 2020ರಲ್ಲಿ ರಾಜ್ಯ ಸರಕಾರ ಗದ್ದೆಯನ್ನು ಗದ್ದೆಯಾಗಿ ಉಳಿಸುವವರಿಗೆ ವರ್ಷಕ್ಕೆ ಹೆಕ್ಟೇರಿಗೆ 2,000 ರೂಪಾಯಿಯ ರಾಯಲ್ಟಿ ಆರಂಭಿಸಿತು. ಮೊತ್ತ ಸಣ್ಣದು, ಆದರೆ ಉಳಿಸುವವನಿಗೆ ಊರು ಋಣಿ ಎಂಬ ತತ್ತ್ವವನ್ನು ಸರಕಾರ ಒಪ್ಪಿಕೊಂಡಿತು ಎಂಬುದು ಸಣ್ಣ ಮಾತಲ್ಲ. ಅಡಿಕೆ, ತೆಂಗಿನ ತೋಟಗಳಿಗಾದರೋ ಈ ಕಾಯಿದೆಯ ರಕ್ಷಣೆಯೇ ಇಲ್ಲ.

ಅಮೆರಿಕದ ಕರಾರನ್ನು ಹಾಗೆಯೇ ಇಲ್ಲಿಗೆ ತರಬಹುದೇ? ಈಗಿನ ಕಾನೂನಿನಲ್ಲಿ ಸಾಧ್ಯವಿಲ್ಲ. ನಮ್ಮ 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ ಒಂದು ಭೂಮಿಯ ಮೇಲಿನ ಇಂಥ ಹಕ್ಕು ಇನ್ನೊಂದು ಭೂಮಿಯ ಅನುಭೋಗಕ್ಕಾಗಿ ಇರಬೇಕು. ಪಕ್ಕದಲ್ಲಿ ಜಾಗವೇ ಇಲ್ಲದ ಒಂದು ಸಂಸ್ಥೆಗೆ ಆ ಹಕ್ಕು ಸಿಗದು. ಅದಕ್ಕೆ ಬೇರೆಯೇ ಶಾಸನ ಬೇಕು. ಅಮೆರಿಕದ ರಾಜ್ಯಗಳೂ ಹಾಗೆಯೇ ಮಾಡಿದವು. ಹಿಡುವಳಿ ಸಣ್ಣದಿರುವ ನಮ್ಮಲ್ಲಿ ಒಬ್ಬೊಬ್ಬರ ಕರಾರಿಗಿಂತ ಒಂದು ಇಡೀ ಬೈಲಿನವರು, ಒಂದೇ ಕಟ್ಟದ ನೀರು ಕುಡಿಯುವ ಗದ್ದೆಗಳವರು, ಒಟ್ಟಾಗಿ ಮಾಡುವ ಕರಾರೇ ಹೊಂದೀತು ಎಂದು ನಮ್ಮ ಅಭಿಪ್ರಾಯ. ಅದಕ್ಕೆ ಹಣ ಕೊಡಲು ಪಂಚಾಯತು, ಸಹಕಾರಿ ಬ್ಯಾಂಕುಗಳ ಮಟ್ಟದಲ್ಲಿ ಯೋಚಿಸುವವರು ಬೇಕು.

ಅದೆಲ್ಲ ಮುಂದಿನ ಮಾತಾಯಿತು. ಇಂದೇ ಮಾಡಬಹುದಾದ ಕೆಲಸವೊಂದಿದೆ. 2008ರ ಕಾಯಿದೆಯಂತೆ ಪ್ರತಿ ಪಂಚಾಯತಿನಲ್ಲಿ ಸ್ಥಳೀಯ ನಿಗಾ ಸಮಿತಿ ಇರಬೇಕು. ಪಂಚಾಯತು ಅಧ್ಯಕ್ಷರು, ಕೃಷಿ ಅಧಿಕಾರಿ, ವಿಲೇಜ್ ಆಫೀಸರರ ಜತೆ ಭತ್ತ ಬೆಳೆಯುವ ಮೂವರು ರೈತರಿಗೂ ಅದರಲ್ಲಿ ಸ್ಥಾನವುಂಟು. ಯಾವ ಗದ್ದೆ ಡಾಟಾ ಬ್ಯಾಂಕಿನಲ್ಲಿದೆ, ಯಾವುದು ಬಿಟ್ಟುಹೋಗಿದೆ ಎಂಬುದು ತೀರ್ಮಾನವಾಗುವುದು ಅಲ್ಲಿ. ನಮ್ಮ ಪಂಚಾಯತಿನ ಆ ಮೂವರು ಯಾರು, ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ, ಅದರ ಕಾಗದಪತ್ರ ನಮಗೆ ಓದಲು ಕನ್ನಡದಲ್ಲಿ ಸಿಗುತ್ತದೆಯೇ ಎಂದು ಮುಂದಿನ ಗ್ರಾಮಸಭೆಯಲ್ಲಿ ವಿಚಾರಿಸೋಣ. ಕೃಷಿ ಭವನಕ್ಕೆ ಹೋದಾಗ ರಾಯಲ್ಟಿಯ ಅರ್ಜಿಯನ್ನೂ ಕೇಳಿ ಪಡೆಯೋಣ.